ಹೊನ್ನಮ್ಮನ ಮನೆಯ ಹಕ್ಕಿ ಸಾರು

ಕೆಲವರಿಗೆ ಒಡವೆಯ ಜಂಬ, ಕೆಲವರಿಗೆ ಹೊಸ ಕಾರಿನ ಜಂಬ. ನನಗೆ ಇವೆರಡೂ ಇಲ್ಲದ ಕಾರಣ ಅಕ್ಷರದ ಜಂಬ. ಕೊಕ್ಕರೆ ಬೆಳ್ಳೂರಿನ ಪಕ್ಕದ ಒಂದು ಸಣ್ಣ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ನಮ್ಮ ಶಾಲೆಯ ಮಗುವೊಂದು ಬಸ್ಸಿನ ಬೋರ್ಡು ನೋಡಿ 'ಮ... ಳ... ವ... ಳ್ಳಿ' ಎಂದು ಕೂಡಿಸಿ ಓದಿತೆನ್ನಿ, ಒಳಗೆ ಕೂತ ನಾನು ಸೆರಗು ಸರಿಮಾಡಿಕೊಂಡು, ಆ ಮಗು ಯಾರ ಶಿಷ್ಯೆ ಎಂದು ಯಾರಾದರೂ ಕೇಳಿಯಾರೇ ಎಂದು ಸುತ್ತ ನೋಡುತ್ತೇನೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಕಂಡಕ್ಟರು ಮಾತ್ರ ಟಿಕೆಟ್ ಕೇಳುತ್ತಾನೆ.

ಇಂಥ ನನಗೆ ಒಂದೇ ಒಂದು ಅಕ್ಷರ ಶತ್ರು. ಅದು ಹಕಾರ. ನಮ್ಮ ಮಂಡ್ಯದ ಸೀಮೆಯಲ್ಲಿ ಈ ಅಕ್ಷರ ಪುಸ್ತಕದಲ್ಲಿ ಕಾಣುತ್ತದೆಯೇ ಹೊರತು ಬಾಯಲ್ಲಿ ಕೇಳುವುದು ಅಪರೂಪ. ನಮ್ಮಲ್ಲಿ 'ಅಸು' 'ಉಲ್ಲು' ತಿಂದು 'ಆಲು' ಕೊಡುತ್ತದೆ. ಹಾಲಿಗೇನೂ ಅದರಿಂದ ರುಚಿ ಕೆಟ್ಟಿಲ್ಲ. ಮಳವಳ್ಳಿಯ ನನ್ನ ಅತ್ತೆ ಮದುವೆಯಾದ ಹೊಸದರಲ್ಲಿ 'ಊವ ಮುಡ್ಕೊಳವ್ವ' ಎಂದಾಗ, ಹೂವು ಎನ್ನಿ ಅತ್ತೆ ಎಂದು ತಿದ್ದಹೋಗಿ, ಮೂರು ದಿನ ಹೂವೂ ಇಲ್ಲ, ಮಾತೂ ಇಲ್ಲ ಎಂಬಂತಾಗಿತ್ತು. ಅಲ್ಲಿ ಸೋತದ್ದನ್ನು ತರಗತಿಯಲ್ಲಿ ಗೆಲ್ಲೋಣವೆಂದರೆ ಅಲ್ಲಿ ತನುಜಾ ಇದ್ದಳು.

ತನುಜಾ ನನ್ನ ತರಗತಿಗೆ ಬಂದಾಗ ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಬರುವುದಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ಪಾಠವನ್ನೆಲ್ಲ ಕೇಳಿಯೇ ಬಾಯಿಪಾಠ ಮಾಡಿ, ಪುಟದ ಮೇಲೆ ಬೆರಳಾಡಿಸುತ್ತ ಗಡಗಡ ಹೇಳಿಬಿಡುತ್ತಿದ್ದಳು. ಒಂದು ದಿನ ಪುಸ್ತಕ ತಲೆಕೆಳಗಾಗಿತ್ತು. 'ಇದೇನೇ?' ಎಂದರೆ, 'ಯಂಗಿಡ್ಕಂಡ್ರೂ ಅದೇ ಪಾಠ ತಾನೆ ಮಿಸ್?' ಎಂದಳು. ಇಷ್ಟು ಜಾಣೆಗೆ ಅಕ್ಷರ ಹತ್ತಿಸದಿದ್ದರೆ ನಾನು ಸಂಬಳ ತಿನ್ನುವುದೇ ದಂಡ ಎಂದುಕೊಂಡು ಪಟ್ಟು ಹಿಡಿದು ಕೂತೆ. ಬಾಯಿಪಾಠವಾಗಿರದ ಕಥೆ ಕೊಟ್ಟೆ, ಅಂಗಡಿ ಬೋರ್ಡು ಓದಿಸಿದೆ, ಬೆಂಕಿಪೊಟ್ಟಣ ಓದಿಸಿದೆ. ದೀಪಾವಳಿ ಕಳೆಯುವಷ್ಟರಲ್ಲಿ ಹುಡುಗಿ ನಿಜವಾಗಿ ಓದತೊಡಗಿದಳು, ಬರೆಯತೊಡಗಿದಳು. ಆದರೆ ಉಕ್ತಲೇಖನದಲ್ಲಿ ನಾನು 'ಆರು ಹಕ್ಕಿ ಹಾರಿದವು' ಎಂದರೆ ಅವಳು 'ಆರು ಅಕ್ಕಿ ಆರಿದವು' ಎಂದು ಬರೆದಳು. ಆರು ಅಕ್ಕಿಕಾಳು ಬಿಸಿಲಲ್ಲಿ ಒಣಗಿದಂತಾಯಿತು.

ಅದಕ್ಕೆ ನಾನೊಂದು ಉಪಾಯ ಹೂಡಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ, ಗಾಳಿ ತಾಗಿದರೆ ಹಕಾರ, ಇಲ್ಲದಿದ್ದರೆ ಅಕಾರ. ಮಕ್ಕಳಿಗೆ ಇದು ಬಹಳ ಹಿಡಿಸಿತು. ವಾರವಿಡೀ ತರಗತಿ ಕುಲುಮೆಯಂತೆ ಊದಿತು. ಗಾಳಿ ಎಷ್ಟು ಹೆಚ್ಚಾಯಿತೆಂದರೆ ಹಕಾರ ಬೇಡದ ಕಡೆಗೂ ಬಂದು ಕೂತುಕೊಂಡಿತು. ಅಮ್ಮ ಹಮ್ಮನಾದಳು, ಇಲಿ ಹಿಲಿಯಾಯಿತು. ಇರಲಿ, ಕಲಿಯುವಾಗ ಹೀಗೆಲ್ಲ ಆಗುತ್ತದೆ ಎಂದು ನಾನೂ ಸುಮ್ಮನಿದ್ದೆ.

ಆಗಲೇ 'ನಮ್ಮ ಊರು' ಎಂದು ಎಲ್ಲರಿಂದಲೂ ಸ್ವಂತ ವಾಕ್ಯ ಬರೆಸಿದ್ದು. ಯಾರನ್ನೂ ನೋಡಿ ಬರೆಯಬಾರದು, ನನ್ನನ್ನೂ ಕೇಳಬಾರದು. ತನುಜಾ ಬರೆದುಕೊಟ್ಟ ಹಾಳೆ ನೋಡಿ ನನ್ನ ಕಣ್ಣು ತುಂಬಿತು. ಅಷ್ಟು ದುಂಡನೆಯ ಅಕ್ಷರ! ಅದನ್ನು ತಕ್ಷಣ ಶಾಲೆಯ ಜಗಲಿಯ ಗೋಡೆಗೆ, ಊರಿಗೆಲ್ಲ ಕಾಣುವಂತೆ ಅಂಟಿಸಿದೆ. ಅದರಲ್ಲಿ ಹೀಗಿತ್ತು: 'ನಮ್ಮ ಹೂರಿಗೆ ಅಕ್ಕಿಗಳು ಬರುತ್ತವೆ. ಅವು ಉಣಸೆ ಮರದಲ್ಲಿ ಗೂಡು ಕಟ್ಟುತ್ತವೆ. ನಮ್ಮ ಹಜ್ಜಿ ದಿನಾ ಹಕ್ಕಿ ಬೇಯಿಸುತ್ತಾಳೆ. ಸಾರು ಹಾಕಿ ನನಗೆ ಬಡಿಸುತ್ತಾಳೆ.'

ಅಂಟಿಸುವ ಮೊದಲು ಓದಲಿಲ್ಲವೇ ಎಂದು ನೀವು ಕೇಳಬಹುದು. ಓದಿದೆ. ಆದರೆ ನಾನೂ ಮಂಡ್ಯದವಳೇ ಅಲ್ಲವೇ? ಮನಸ್ಸಿನಲ್ಲೇ ಓದಿಕೊಳ್ಳುವಾಗ ಎರಡನ್ನೂ 'ಅಕ್ಕಿ' ಎಂದೇ ಓದಿಕೊಂಡಿದ್ದೆ.

ಮಾರನೆಯ ದಿನ ತರಗತಿಯ ಬಾಗಿಲಲ್ಲಿ ತನುಜಾಳ ಅಜ್ಜಿ ಹೊನ್ನಮ್ಮ ಬಂದು ನಿಂತರು. ಆ ಸುತ್ತಿನ ಹಳ್ಳಿಗಳಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳ ಮೇಲೆ ಯಾರೂ ಕಲ್ಲೆತ್ತುವುದಿಲ್ಲ. ಅಂಥಲ್ಲಿ ಗೋಡೆಯ ಮೇಲಿನ ಬರಹವನ್ನು ಯಾರೋ ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಹೇಳಿ ನಗಾಡಿದ್ದರು.

'ಏನ್ ಮೇಡಮ್ನೋರೆ, ನಾವು ಕೊಕ್ಕರೆ ಬೇಯಿಸ್ಕಂಡು ತಿನ್ನೋ ಜನವಾ? ಬಾಣಂತನಕ್ಕೆ ಬಂದ ಎಣ್ಮಕ್ಳಂಗೆ ನೋಡ್ಕತೀವಿ ಅವುನ್ನ. ಕೇರೀಲಿ ತಲೆ ಎತ್ಕಂಡು ತಿರುಗದಂಗೆ ಮಾಡ್ಬುಟ್ರಲ್ಲ! ನಾಳಿಂದ ಕೂಸ್ನ ಮದ್ದೂರಿನ ಇಂಗ್ಲೀಸು ಇಸ್ಕೂಲ್ಗೆ ಆಕ್ತೀನಿ. ವ್ಯಾನು ಮನೆ ಬಾಕ್ಲಿಗೇ ಬತ್ತದೆ.'

ಮಕ್ಕಳು ಕಿಸಕ್ಕನೆ ನಕ್ಕರು. ತನುಜಾಳ ಮುಖ ಸಣ್ಣಗಾಯಿತು. ಇನ್ನು ಈ ಹುಡುಗಿ ಜನ್ಮದಲ್ಲಿ ಸ್ವಂತ ವಾಕ್ಯ ಬರೆಯುವುದಿಲ್ಲ ಎಂದುಕೊಂಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು, ಅಜ್ಜಿಯ ಕೈ ಹಿಡಿದು ಜಗಲಿಗೆ ಎಳೆದುಕೊಂಡು ಹೋದಳು. ನಾವೆಲ್ಲ ಹಿಂದೆ ಹೋದೆವು.

'ಇಲ್ನೋಡಜ್ಜಿ, ಇದು ಮರದ ಮ್ಯಾಲಿಂದು, ಇದು ಮಡಕೇಲಿಂದು. ಇದಕ್ಕೆ ಗಾಳಿ ಬೇಕು, ಇದಕ್ಕೆ ಬ್ಯಾಡ. ನಾನು ಅದ್ಲುಬದ್ಲು ಮಾಡ್ಬುಟ್ಟಿವ್ನಿ, ಅಷ್ಟೇಯ.' ಹಾಗೆಂದು ನನ್ನ ಕೈಯಿಂದ ಪೆನ್ನು ಕಸಿದುಕೊಂಡು, ಒಂದು ಹಕಾರ ಹೊಡೆದುಹಾಕಿ ಅಲ್ಲಿ ಅಕಾರ, ಒಂದು ಅಕಾರ ಹೊಡೆದುಹಾಕಿ ಅಲ್ಲಿ ಹಕಾರ ಬರೆದಳು. ನಾನು ಹೇಳಿಕೊಡಲಿಲ್ಲ. ಯಾರೂ ಹೇಳಿಕೊಡಲಿಲ್ಲ. ಆ ಗಳಿಗೆಯಲ್ಲಿ ಬಸ್ಸಿನ ತುಂಬ ಜನರಿದ್ದು, ಇವಳು ಯಾರ ಶಿಷ್ಯೆ ಎಂದು ಕೇಳಬಾರದಿತ್ತೇ!

ಅಜ್ಜಿಯ ಸಿಟ್ಟು ಅರ್ಧ ಇಳಿಯಿತು. 'ಅಂಗಾರೆ ನನ್ನೆಸ್ರು ಬರಿ ನೋಡನ' ಎಂದರು. ಮೊಮ್ಮಗಳು 'ಒ' ಎಂದು ಶುರುಮಾಡಿ ನಿಂತಳು. ಅಂಗೈ ಬಾಯಿಯ ಮುಂದೆ ಬಂತು. ಮೆಲ್ಲಗೆ ನನ್ನನ್ನು ಕೇಳಿದಳು: 'ಮಿಸ್, ಹೊನ್ನು ಅಂದ್ರೆ ಚಿನ್ನ ಅಂತ ಹೇಳ್ಕೊಟ್ಟಿದ್ರಲ್ಲ, ಆ ಹೊನ್ನಮ್ಮಾನಾ?' ನಾನು ತಲೆಯಾಡಿಸಿದೆ. 'ಹೊನ್ನಮ್ಮ' ಎಂದು ಬರೆದು, 'ಚಿನ್ನ ಅಂತ ಕಣಜ್ಜಿ' ಎಂದಳು.

'ನಾನು ಚಿನ್ನವಾ?' ಎಂದರು ಹೊನ್ನಮ್ಮ. 'ವಯಸ್ಸಾಯ್ತಲ್ಲ ಕೂಸೆ, ಒಬ್ರೂ ಏಳ್ನಿಲ್ವಲ್ಲ!' ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದರು. ಆಮೇಲೆ ತಾವೂ ಅಂಗೈ ಹಿಡಿದು, ಕಷ್ಟಪಟ್ಟು 'ಹ್... ಹೊನ್ನಮ್ಮ' ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಇಂಗ್ಲಿಷ್ ಸ್ಕೂಲಿನ ವ್ಯಾನಿನ ಮಾತು ಮತ್ತೆ ಬರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹೊನ್ನಮ್ಮ ಊರ ತುಂಬ 'ನಾನು ಚಿನ್ನ ಕಣ್ರಮ್ಮಿ' ಎಂದು ಸಾರಿಕೊಂಡು ಬಂದಿದ್ದರು. ಮರುದಿನ ಅವರ ಓರಗೆಯ ಸಾಕಮ್ಮ, ಹೊಲಕ್ಕೆ ಹೊರಟವರು, ಕುಡುಗೋಲು ಹಿಡಿದುಕೊಂಡೇ ತರಗತಿಗೆ ಬಂದು ಕೇಳಿದರು: 'ಮೇಡಮ್ನೋರೆ, ನನ್ನೆಸ್ರಿಗೆ ಏನರ್ತ?'

ಹೆಣ್ಣುಮಕ್ಕಳ ಮೇಲೆ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಈ ಹೆಸರು ಯಾಕಿಡುತ್ತಾರೆಂದು ನನಗೆ ಗೊತ್ತಿತ್ತು. ಹೇಳಲು ನಾಲಗೆ ಬರಲಿಲ್ಲ. 'ಸಾಕಮ್ಮ ಅಂದ್ರೆ... ಸಾಕೋದು, ಸಲಹೋದು. ಊರನ್ನೇ ಸಾಕಿ ಸಲಹೋ ತಾಯಿ ಅಂತ' ಎಂದೆ. ಮುಂದಿನ ಸಾಲಿನಿಂದ ತನುಜಾ ಎದ್ದಳು. 'ಮಿಸ್, ಸಾಕು ಅಂದ್ರೆ ಇನ್ ಬ್ಯಾಡ ಅಂತ ಅಲ್ವಾ?'

'ಸಾಕು, ಕೂತ್ಕೊ!' ಎಂದುಬಿಟ್ಟೆ.

ಸಾಕಮ್ಮ ನಕ್ಕರು. 'ಬುಡಿ ಮೇಡಮ್ನೋರೆ, ನಂಗೊತ್ತಿಲ್ವಾ? ನಾನು ನಮ್ಮಪ್ಪಂಗೆ ಐದ್ನೇ ಎಣ್ಣು. ನಿಮ್ ಬಾಯಲ್ಲಿ ಏನ್ ಬತ್ತದೆ ನೋಡನ ಅಂತ ಕೇಳ್ದೆ. ಆದ್ರೂ ನೀವೇಳಿದ್ದೇ ಚೆಂದಾಗದೆ. ಅದನ್ನೇ ಒಂದು ಚೀಟೀಲಿ ಬರ್ಕೊಡಿ. ಮನೆ ಬಾಗಿಲಿಗೆ ಅಂಟುಸ್ತೀನಿ.'

ಇಷ್ಟು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತ ಬಂದವಳು ನಾನು. ಅಂದು ಇಡೀ ತರಗತಿ ಕತ್ತೆತ್ತಿ ನೋಡುತ್ತಿರುವಾಗ, ತಪ್ಪು ಅರ್ಥವೆಂದು ಚೆನ್ನಾಗಿ ಗೊತ್ತಿದ್ದೂ, ನನ್ನ ಅತ್ಯಂತ ದುಂಡಾದ ಅಕ್ಷರದಲ್ಲಿ ಅದನ್ನು ಬರೆದು, ಕೆಳಗೆ ಸಹಿ ಕೂಡ ಹಾಕಿಕೊಟ್ಟೆ.