ಕೋಟು ಕಂಡ ತಿಮಿಂಗಿಲ

ಎರವಲು ತಂದ ವಸ್ತುವಿಗೆ ಸ್ವಂತ ವಸ್ತುವಿಗಿಂತ ಹೆಚ್ಚು ಮರ್ಯಾದೆ ಕೊಡಬೇಕೆಂದು ನಂಬಿದವನು ನಾನು. ನನ್ನ ಕೊಡೆಯನ್ನು ಎಷ್ಟೋ ಸಲ ಬಸ್ಸಿನಲ್ಲಿ ಮರೆತು ಬಂದಿದ್ದೇನೆ. ಪಕ್ಕದ ಮನೆಯ ಕೊಡೆಯಾದರೆ ಅದು ನೆನೆಯಬಾರದೆಂದು ಬಿಚ್ಚದೆ, ಅಂಗಿಯೊಳಗೆ ಇಟ್ಟುಕೊಂಡು, ನಾನೇ ನೆನೆಯುತ್ತಾ ಬರುತ್ತೇನೆ. ಇಂಥ ಸ್ವಭಾವದವನು ಎರವಲು ಬಟ್ಟೆ ತೊಟ್ಟು ಅಲಾಸ್ಕಾಕ್ಕೆ ಹೋಗಬಾರದಿತ್ತು. ಹೋದೆ.

ನನ್ನ ಹೆಂಡತಿ ಸಾವಿತ್ರಿಗೆ ಉತ್ತರ ಎಂದರೆ ಕಾಶಿ. ಇನ್ನೂ ಸ್ವಲ್ಪ ಮುಂದಕ್ಕೆ ಹೋಗೋಣ ಎಂದವನು ನಾನು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ, ತಯಾರಾದ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗಿದೆಯೇ ಎಂದು ಅಳೆದು ನೋಡುವುದಾಗಿತ್ತು. ಜೀವಮಾನವೆಲ್ಲ ಸಣ್ಣದನ್ನೇ ಕಣ್ಣು ಕಿರಿದು ಮಾಡಿ ನೋಡಿದವನಿಗೆ, ನಿವೃತ್ತಿಯಾದ ಮೇಲೆ ಒಂದೇ ಒಂದು ಸಲ ಅಳತೆಗೆ ಸಿಗದಷ್ಟು ದೊಡ್ಡದನ್ನು ನೋಡಬೇಕೆಂಬ ಆಸೆ ಹುಟ್ಟಿತು. ಅಂದರೆ ತಿಮಿಂಗಿಲ. ಹಡಗಿನಲ್ಲಿ ಕೂತು, ಹಿಮದ ಬೆಟ್ಟಗಳ ನಡುವೆ, ಜೀವಂತ ತಿಮಿಂಗಿಲ. ಹಿಮ, ಕಾಡು, ಕರಡಿ ಎಲ್ಲ ನನ್ನ ಲೆಕ್ಕದಲ್ಲಿ ಊಟದ ಜೊತೆ ಬರುವ ಉಪ್ಪಿನಕಾಯಿ.

ಬೆಚ್ಚಗಿನ ಬಟ್ಟೆ ಬೇಕಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಕೂಕಟ್‌ಪಲ್ಲಿಯ ಅಂಗಡಿಗೆ ಹೋಗಿ ದಪ್ಪನೆಯ ಸ್ವೆಟರ್ ಕೇಳಿದೆ. ಅಂಗಡಿಯವನು ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ ನೀರು ಕೊಟ್ಟ. ಸುದ್ದಿ ನಮ್ಮ ಅಪಾರ್ಟ್‌ಮೆಂಟಿಗೆ ತಲುಪಿ, ಕೆಳಗಿನ ಮನೆಯ ಭೀಮರಾವ್ ತಮ್ಮ ಚರ್ಮದ ಕೋಟು ಹೊತ್ತು ತಂದರು. ರಾಯಚೂರಿನವರು, ನಮ್ಮ ಅಸೋಸಿಯೇಷನ್ ಸೆಕ್ರೆಟರಿ, ಭಾರಿ ಆಳು. ಕೋಟಿನೊಳಗೆ ನನ್ನಂಥವರು ಇಬ್ಬರು ಸಂಸಾರ ಹೂಡಬಹುದು. “ಏನೂ ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ಬರ್ಫದ ಮುಂದ ನಿಂತು ಒಂದು ಫೋಟೋ ಹೊಡೀರಿ, ಗುಂಡಿ ಎಲ್ಲಾ ಹಾಕ್ಕೊಂಡು. ಅಷ್ಟ ಸಾಕು,” ಎಂದರು.

ಮೇಲಿನ ಮನೆಯ ನಾಗಮ್ಮಕ್ಕ ಕಲಬುರಗಿಯವರು. ಕಿವಿ, ಗದ್ದ ಎಲ್ಲ ಮುಚ್ಚುವ ಮಂಕಿ ಟೋಪಿ ತಂದುಕೊಟ್ಟರು. ಅದರ ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಕೆಂಪು ಗೊಂಡೆ. “ತಮ್ಮಾ, ಇದು ಕೇದಾರ ನೋಡಿ ಬಂದ ಟೊಪ್ಪಿಗಿ ಐತಿ. ಫೋಟೋದಾಗ ಗೊಂಡೆ ಕಾಣಬೇಕು ನೋಡು. ಬರೇ ನಿನ್ನ ಮಾರಿ ಕಂಡ್ರ ಏನು ಉಪಯೋಗ?” ಎಂದರು. ಇಬ್ಬರಿಗೂ ಮಾತು ಕೊಟ್ಟೆ.

ಹಡಗು ಹೊರಟ ದಿನದಿಂದಲೂ ಮಂಜು. ಫೋಟೋ ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬರೀ ಬಿಳಿ ಹೊಗೆ, ನಡುವೆ ಒಂದು ಕೆಂಪು ಗೊಂಡೆ. ತಿಮಿಂಗಿಲದ ಸುಳಿವೂ ಇಲ್ಲ. ಇತ್ತ ಭೀಮರಾವ್ ಅವರಿಂದ ದಿನಾ ಮೆಸೇಜು: “ಕೋಟು ಆರಾಮ ಐತೇನ್ರಿ?” ನನ್ನ ಆರೋಗ್ಯವನ್ನು ಯಾರೂ ಕೇಳಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಬಿಸಿಲು ಬಿತ್ತು. ಇವತ್ತು ತಪ್ಪಿದರೆ ಫೋಟೋವೂ ಇಲ್ಲ, ತಿಮಿಂಗಿಲವೂ ಇಲ್ಲ. ಮೊದಲು ಫೋಟೋದ ಋಣ ತೀರಿಸಿ, ಆಮೇಲೆ ನಿಶ್ಚಿಂತೆಯಿಂದ ಸಮುದ್ರ ನೋಡೋಣವೆಂದು ಹಡಗಿನ ಕಟಕಟೆಗೆ ಬೆನ್ನು ಕೊಟ್ಟು ನಿಂತೆ. ಸಾವಿತ್ರಿ ಫೋನ್ ಹಿಡಿದಳು. “ತಲಿ ಸ್ವಲ್ಪ ಬಗ್ಗಸ್ರಿ, ಗೊಂಡೆ ಕಾಣವಲ್ದು. ಹಾಂ, ಈಗ ಅಲ್ಲಾಡಬ್ಯಾಡ್ರಿ.”

ನಾನು ಅಲ್ಲಾಡಲಿಲ್ಲ. ಧ್ವನಿವರ್ಧಕದಲ್ಲಿ ಏನೋ ಹೇಳಿದರು. ಟೋಪಿಯೊಳಗಿನ ಕಿವಿಗೆ ಅದು ಮುಟ್ಟಲಿಲ್ಲ. ಜನ ಓಡಿ ಬಂದು ಸಾವಿತ್ರಿಯ ಎಡಬಲಕ್ಕೆ ನಿಂತರು. ಇಡೀ ಹಡಗು ಒಟ್ಟಿಗೆ ಉಸಿರೆಳೆದುಕೊಂಡಿತು. ಸಾವಿತ್ರಿಯ ಬಾಯಿ ತೆರೆದದ್ದು ತೆರೆದೇ ಇತ್ತು. ನಗು ಕೆಡದಂತೆ, ಹಲ್ಲಿನ ಸಂದಿಯಿಂದಲೇ ಏನಾಯಿತೆಂದು ಕೇಳಿದೆ. ಅವಳು ಕೈಸನ್ನೆಯಲ್ಲೇ ನಿಲ್ಲಿ ಎಂದಳು. ಬೆನ್ನ ಹಿಂದೆ ಮನೆ ಕುಸಿದಂಥ ಸದ್ದಾಗಿ, ಚಳಿಚಳಿ ನೀರು ಕುತ್ತಿಗೆಗೆ ಸಿಡಿಯಿತು. ಭೀಮರಾವ್ ಅವರ ಚರ್ಮ ನೆನೆಯಿತಲ್ಲ ಎಂದು ಗಾಬರಿಯಾಗಿ ಮೊದಲು ಕಾಲರ್ ಒರೆಸಿದೆ. ಆಮೇಲೆ ತಿರುಗಿದೆ. ನೀರಿನ ಮೇಲೆ ಒಂದು ದೊಡ್ಡ ಉಂಗುರ ಅಗಲವಾಗುತ್ತಿತ್ತು, ಅಷ್ಟೇ.

“ಒಂದು ಮಾತು ಕರೀಬಾರದೇನು?” ಎಂದೆ.

“ಕರೀಬೇಕಂತಿದ್ದೆ. ತೆರೆದ ಬಾಯಿ ಮುಚ್ಚಿದ್ರ ತಾನ ಮಾತು ಬರೋದು?” ಎಂದಳು.

ನಿಜ ಹೇಳುತ್ತೇನೆ, ನನಗೆ ಅಳು ಬಂತು. ಅದು ಟೋಪಿಯ ಉಣ್ಣೆಗೆ ಒಳ್ಳೆಯದಲ್ಲವೆಂದು ತಡೆದುಕೊಂಡೆ. ಸಂಜೆಯವರೆಗೂ ಕಟಕಟೆ ಹಿಡಿದು ನಿಂತೆ. ಒಂದು ಮೀನೂ ತಲೆ ಎತ್ತಲಿಲ್ಲ. ವಾಪಸು ನಮ್ಮೂರ ಶಂಶಾಬಾದಿನಲ್ಲಿ ವಿಮಾನ ಇಳಿಯುವವರೆಗೂ ಸಾವಿತ್ರಿಯೊಡನೆ ನನ್ನ ಮಾತು ಸೂಟ್‌ಕೇಸಿಗೆ ಸಂಬಂಧಿಸಿದಷ್ಟೇ.

ಫೋಟೋ ಮಾತ್ರ ಅದ್ಭುತವಾಗಿ ಬಂದಿತ್ತು. ನಡುವೆ ಹಲ್ಲು ಕಿರಿದ ನಾನು, ಪಕ್ಕದಲ್ಲಿ ಸಮುದ್ರದಿಂದ ಮೇಲೆ ನೆಗೆದ, ಲಾರಿಗಿಂತ ದೊಡ್ಡ ತಿಮಿಂಗಿಲ. ಭೀಮರಾವ್ ನೋಡಿ, “ಕೆಳಗಿನ ಗುಂಡಿ ಹಾಕೇ ಇಲ್ಲಲ್ರಿ,” ಎಂದರು. ನಾಗಮ್ಮಕ್ಕ ಗೊಂಡೆಯನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, ಕೈಮುಗಿದರು.

ಮೊನ್ನೆ ಭೀಮರಾವ್ ಅವರ ಮನೆಗೆ ಹೋದರೆ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಕೋಟಿನ ಚಿತ್ರ. ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. “ನನ್ನ ತಲೆ ಎಲ್ಲಿ ಹೋಯಿತು?” ಎಂದು ಕೇಳಿದೆ. “ಟೊಪ್ಪಿಗಿ ನಾಗಮ್ಮಕ್ಕನವ್ರದಲ್ರಿ? ತಲಿ ಅವರ ಮನ್ಯಾಗ ಐತಿ,” ಎಂದರು. ಮೇಲೆ ಹೋಗಿ ನೋಡಿದೆ. ಟಿವಿಯ ಪಕ್ಕದಲ್ಲಿ, ಕೇದಾರದ ಪಟದ ಕೆಳಗೆ, ನನ್ನ ತಲೆ ಇತ್ತು.

ಇಡಿಯಾಗಿರುವ ನಾನು ನಮ್ಮ ಮನೆಯಲ್ಲಾದರೂ ಇರಬೇಕಲ್ಲ ಎಂದು ಬಂದು ಸಾವಿತ್ರಿಯ ಫೋನ್ ತೆಗೆದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಕತ್ತರಿಸಿ ತೆಗೆದು, ತಿಮಿಂಗಿಲವೊಂದನ್ನೇ ಉಳಿಸಿಕೊಂಡಿದ್ದಳು. ಜಗಳ ಆಡಬೇಕೆಂದು ಬಾಯಿ ತೆರೆದವನು ಹಾಗೇ ನೋಡುತ್ತಾ ಕುಳಿತೆ. ಏನು ಗಾತ್ರ, ಏನು ಗತ್ತು. ಈ ಸಲ ಅಡ್ಡ ಯಾರೂ ನಿಂತಿರಲಿಲ್ಲ.