ನಮ್ಮ ಮನೆಯನ್ನು ನಮ್ಮಮ್ಮನಿಗೇ ತೋರಿಸಿದ ಏಜೆಂಟರಿಗೆ

ಮಾನ್ಯರೇ,

ಕೊಳ್ಳುವವರನ್ನೂ ಮಾರುವವರನ್ನೂ ಒಂದೇ ನಗುವಿನಿಂದ ನೋಡಬಲ್ಲ ತಮ್ಮ ಪ್ರಸನ್ನ ವದನಕ್ಕೆ, ಎಂಥ ಕೆಸರಿನಲ್ಲೂ ಹೊಳೆಯುವ ತಮ್ಮ ಬೂಟುಗಳಿಗೆ, ಮತ್ತು ಹಜಾರದ ಮೂಲೆಯಲ್ಲಿ ನಿಂತು ನಾಲ್ಕು ಗೋಡೆಗಳನ್ನೂ ಒಂದೇ ಗುಟುಕಿಗೆ ನುಂಗುವ ತಮ್ಮ ಕ್ಯಾಮೆರಾಕ್ಕೆ ಈ ಮನೆಯ ಕಿರಿಯ ಸದಸ್ಯೆಯ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ತಮ್ಮ ಭಾವಚಿತ್ರವಿರುವ ಫಲಕವೇ ನಮ್ಮ ಗೇಟಿಗೆ ನೇತುಬಿದ್ದು ಹಗಲೂ ರಾತ್ರಿ ಸಾರುತ್ತಿರುವುದರಿಂದ ಆ ವಿಚಾರ ಕೇಳುವುದಿಲ್ಲ. ನಾವು ಹೇಗಿದ್ದೇವೆ ಎಂದು ತಿಳಿಸಲು ಮಾತ್ರ ಈ ಪತ್ರ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮ ಮಲಗುವ ಕೋಣೆಗಳನ್ನೆಲ್ಲ ತಾವು ಊರಿಗೇ ತೋರಿಸಿರುವಾಗ ನಾವು ಒಂದು ಕಾಗದವನ್ನು ಮುಚ್ಚಿಡುವುದು ಶೋಭಿಸುವುದಿಲ್ಲ.

ತಮ್ಮ ಜಾಹೀರಾತನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದವಳು ನಾನೇ. 'ವಿಶಾಲವಾದ ಸ್ವತಂತ್ರ ಮನೆ, ತುಂಬು ಸಂಸಾರಕ್ಕೆಂದೇ ಕಟ್ಟಿದ್ದು. ನಾಲ್ಕು ಮಲಗುವ ಕೋಣೆ, ಪ್ರತ್ಯೇಕ ಓದುವ ಕೋಣೆ, ಹಸಿರು ಹಿತ್ತಲು, ರೈಲು ನಿಲ್ದಾಣಕ್ಕೆ ಹಾಯಾಗಿ ನಡೆದುಹೋಗುವಷ್ಟೇ ದೂರ.' ಪ್ರತ್ಯೇಕ ಓದುವ ಕೋಣೆ ಯಾವುದೆಂದು ಹುಡುಕಿಕೊಂಡು ನಾವು ಮನೆಯೆಲ್ಲ ತಿರುಗಿದೆವು. ಕೊನೆಗೆ ಅದು ಮೆಟ್ಟಿಲ ಕೆಳಗೆ ಪೊರಕೆ, ಒಡೆದ ಬಕೆಟ್ಟು, ಕೈಕೊಟ್ಟ ಟೇಬಲ್ ಫ್ಯಾನು ಇಡುವ ಸಂದು ಎಂದು ಗೊತ್ತಾದಾಗ, ಇಷ್ಟು ವರ್ಷ ಪೊರಕೆಗೆ ಸಿಕ್ಕ ವಿದ್ಯೆ ನಮಗೆ ಸಿಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹಸಿರು ಹಿತ್ತಲಿನ ವಿಷಯದಲ್ಲಿ ತಮ್ಮ ಮಾತು ಅಪ್ಪಟ ಸತ್ಯ. ನೀರಿನ ಟ್ಯಾಂಕು ಸೋರಿ ಸೋರಿ ಅಲ್ಲಿ ಬೆಳೆದಿರುವ ಪಾಚಿಯಷ್ಟು ಹಸಿರು ಬೇರೆಲ್ಲೂ ಸಿಗದು. ಅಪ್ಪ ಅದರ ಮೇಲೆ ಜಾರಿಬಿದ್ದು ಆ ಹಸಿರನ್ನು ಪ್ಯಾಂಟಿನ ಹಿಂಭಾಗದಲ್ಲಿ ಹೊತ್ತು ಆಫೀಸಿಗೂ ಹೋಗಿಬಂದಿದ್ದಾರೆ. ನಿಲ್ದಾಣಕ್ಕೆ ಹಾಯಾಗಿ ನಡೆದುಹೋಗಬಹುದು ಎಂಬುದೂ ಸುಳ್ಳಲ್ಲ, ರೈಲು ಹಿಡಿಯುವ ಉದ್ದೇಶ ಇಲ್ಲದಿದ್ದರೆ.

ಇಷ್ಟು ಚೆಂದದ ಮನೆಯನ್ನು ಏಕೆ ಮಾರುತ್ತಿದ್ದೀರಿ ಎಂದು ತಾವು ಕೇಳಲಿಲ್ಲ. ಅದು ತಮ್ಮ ಸೌಜನ್ಯ. ಕೇಳದಿದ್ದರೂ ಹೇಳುವುದು ನನ್ನ ದುರಭ್ಯಾಸ. ನಮ್ಮದು ಜನ ಮಲಗುವುದಕ್ಕೆಂದು ಬರುವ ಊರು. ಬೆಳಕು ಹರಿಯುವ ಮೊದಲೇ ಬೀದಿಗೆ ಬೀದಿಯೇ ಚೀಲ ಹೆಗಲಿಗೇರಿಸಿಕೊಂಡು ಓಡುತ್ತದೆ, ರೈಲಿನಲ್ಲಿ ನಿಂತೇ ತೂಕಡಿಸುತ್ತದೆ, ದೊಡ್ಡ ನಗರದಲ್ಲಿ ದುಡಿದು ಕತ್ತಲಾದ ಮೇಲೆ ವಾಪಸು ಬರುತ್ತದೆ. ಅಮ್ಮ ಆ ನಗರದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳು ಹೊರಡುವಾಗಲೂ ಬೀದಿದೀಪ ಉರಿಯುತ್ತಿರುತ್ತದೆ, ಬರುವಾಗಲೂ ಉರಿಯುತ್ತಿರುತ್ತದೆ. ಭಾನುವಾರ ಪರದೆ ಎಳೆದುಕೊಂಡು ವಾರದ ನಿದ್ದೆಯನ್ನೆಲ್ಲ ಒಟ್ಟಿಗೇ ಮಾಡುತ್ತಾಳೆ. ಮಕ್ಕಳು ಅಗಲವಾಗಿ ಬೆಳೆಯಲಿ ಎಂದು ಈ ಮನೆಯನ್ನು ಕೊಂಡವಳು ಅವಳೇ. ಅದರ ಸಾಲದ ಕಂತು ಕಟ್ಟಬೇಕಾದ್ದರಿಂದ ಅದರಲ್ಲಿ ಇರಲು ಪುರುಸೊತ್ತಾಗದವಳೂ ಅವಳೇ. ಮನೆ ವಿಶಾಲವಾಗಿದೆ ಎಂದು ತಾವು ಬರೆದದ್ದು ಸರಿ ಸ್ವಾಮಿ, ಇರುವವರು ಯಾರೂ ಒಳಗಿಲ್ಲದಿದ್ದರೆ ಯಾವ ಮನೆಯಾದರೂ ವಿಶಾಲವೇ.

ಈಗ ಆಸ್ಪತ್ರೆಯ ಎದುರಿನ ಕಟ್ಟಡದಲ್ಲಿ ಒಂದು ಪುಟ್ಟ ಫ್ಲಾಟು ಸಿಕ್ಕಿದೆ. ಬೀರುವಿನ ಬಾಗಿಲು ತೆಗೆಯಬೇಕಾದರೆ ಮಂಚದ ಮೇಲಿರುವವರು ಕಾಲು ಮಡಚಬೇಕು, ಅಷ್ಟು ಪುಟ್ಟದು. ಅದರ ಮಾಲೀಕರು ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದಾರೆ. ಆದ್ದರಿಂದ ಈ ಮನೆ ಅಷ್ಟರೊಳಗೆ ಮಾರಾಟವಾಗಲೇಬೇಕಿತ್ತು. ನಾವು ತಮ್ಮಂಥ ಸಮರ್ಥರ ಕೈಹಿಡಿದದ್ದು ಅದಕ್ಕಾಗಿ.

ತಾವು ಹಾಕಿದ ನಿಯಮಗಳನ್ನು ನಾವು ತಲೆಬಾಗಿ ಪಾಲಿಸಿದೆವು. ಮನೆ ನೋಡಲು ಜನ ಬಂದಾಗ ಅಲ್ಲಿ ಯಾರೋ ಬದುಕುತ್ತಿದ್ದಾರೆ ಎಂಬ ಸುಳಿವು ಸಿಗಬಾರದು ಎಂದಿರಿ. ಹಲ್ಲುಜ್ಜುವ ಬ್ರಷ್ಷು, ಒದ್ದೆ ಟವೆಲ್ಲು, ಅಜ್ಜಿಯ ಮೊಣಕಾಲಿನ ಎಣ್ಣೆ, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಸ್ವಂತ ಮನೆಗೆ ಕನ್ನ ಹಾಕಿದವರಂತೆ ಹಿಂದಿನ ಬಾಗಿಲಿನಿಂದ ಸಾಗಿಸಿದೆವು. ಆಮೇಲೆ ಮನೆ ಭಣಭಣ ಅನ್ನುತ್ತದೆ ಎಂದು ತಾವೇ ಚೌಕಟ್ಟು ಹಾಕಿದ ಫೋಟೋಗಳನ್ನು ತಂದಿರಿ. ಮೆಟ್ಟಿಲ ಬಳಿಯಿದ್ದ ನಮ್ಮ ತಾತನ ಫೋಟೋವನ್ನು, ಇವರು ಗ್ರಾಹಕರನ್ನು ಗದರಿಸುವ ಹಾಗೆ ನೋಡುತ್ತಾರೆ ಎಂಬ ಕಾರಣಕ್ಕೆ ಇಳಿಸಿ ತಮ್ಮ ಕಾರಿಗೆ ಸಾಗಿಸಿ, ಆ ಮೊಳೆಗೇ ಬಾಯಿತುಂಬ ಹಲ್ಲಿರುವ ಒಬ್ಬ ಗಂಡ, ಸೊಪ್ಪಿನ ಬಟ್ಟಲನ್ನು ನೋಡಿ ನಗುವ ಒಬ್ಬ ಹೆಂಡತಿ, ಎರಡು ಗುಂಡುಗುಂಡು ಮಕ್ಕಳು ಮತ್ತು ಒಂದು ನಾಯಿಯನ್ನು ನೇತುಹಾಕಿದಿರಿ. ಕೆಲಸ ಮುಗಿದ ಮೇಲೆ ಅವರನ್ನು ಕಾರಿನ ಡಿಕ್ಕಿಯಲ್ಲಿ ಮಲಗಿಸಿ ಒಯ್ಯುತ್ತಿದ್ದಿರಿ. ಪ್ರತಿ ಸಲವೂ ಮನೆಯಿಂದ ಹೊರಗೆ ಹೋಗುವ ಭಾಗ್ಯ ಅವರಿಗೂ ತಪ್ಪಲಿಲ್ಲ ಎಂದು ನಮಗೆ ಸಮಾಧಾನ.

ಅಜ್ಜಿ ಮಾತ್ರ ಮೊಣಕಾಲು ನೋವೆಂದು ಕುರ್ಚಿ ಬಿಟ್ಟು ಏಳಲಿಲ್ಲ. ತಾವು ದೊಡ್ಡ ಮನಸ್ಸು ಮಾಡಿ, 'ಇರಿ ಅಜ್ಜಿ, ಆದ್ರೆ ನಿಮ್ಮ ಮನೆಯವರ ವಿಷಯ ಮಾತ್ರ ಯಾರ ಹತ್ರಾನೂ ಎತ್ತಬೇಡಿ' ಎಂದಿರಿ. ಕೊಟ್ಟ ಮಾತಿಗೆ ತಪ್ಪುವವಳಲ್ಲ ನಮ್ಮಜ್ಜಿ. ನಮ್ಮ ವಿಷಯ ಎತ್ತಲೇ ಇಲ್ಲ. ಸುಮ್ಮನಿರಲು ಬಾರದವಳಾದ್ದರಿಂದ ತಾವು ತಂದ ಸಂಸಾರದ ವಿಷಯ ಎತ್ತಿದಳು.

ಮೊದಲು ಬಂದ ನಿವೃತ್ತ ದಂಪತಿಗೆ ಆಕೆ ಹೇಳಿದ್ದು: ಆ ಗಂಡ ಹಲ್ಲಿನ ಡಾಕ್ಟರು, ಹೆಂಡತಿಯ ಮೇಲೆ ಒಮ್ಮೆಯೂ ದನಿ ಏರಿಸಿದವನಲ್ಲ, ಮಕ್ಕಳು ಕೇಳದೆಯೇ ಓದಿಕೊಳ್ಳುತ್ತವೆ, ನಾಯಿ ಕೂಡ ಬೊಗಳುವ ಮೊದಲು ಆಚೀಚೆ ನೋಡುತ್ತದೆ. ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸುಖವಾಗಿರುವವರು ಮನೆ ಮಾರುತ್ತಾರೆಂದರೆ ಏನೋ ಇದೆ ಎಂದು ಗೋಡೆಗಳನ್ನೆಲ್ಲ ತಟ್ಟಿ ನೋಡಿ, ಬಾವಿ ಇತ್ತೇ, ಯಾರಾದರೂ ಬಿದ್ದಿದ್ದರೇ ಎಂದು ವಿಚಾರಿಸಿ ಹೊರಟುಹೋದರು. ಪಾಠ ಕಲಿತ ಅಜ್ಜಿ ಮುಂದಿನವರಿಗೆ ಅದೇ ಸಂಸಾರವನ್ನು ಮುರಿದುಬಿಟ್ಟಳು. ಹಲ್ಲಿನ ಡಾಕ್ಟರು ಯಾರದೋ ಹಿಂದೆ ಹೋದ, ಸೊಪ್ಪಿನ ಹೆಂಗಸು ಅಂದಿನಿಂದ ಹೀಗೆ ಒಬ್ಬಳೇ ನಗುತ್ತಾಳೆ. ಆ ಮನೆಯಲ್ಲಿ ನೆಮ್ಮದಿ ಇಲ್ಲವೆಂದು ಅವರೂ ಮತ್ತೆ ಬರಲಿಲ್ಲ. ಆಗ ತಾವು ಅಜ್ಜಿಗೆ ಬಾಯಿ ಬಿಡಲೇಬಾರದೆಂದು ತಾಕೀತು ಮಾಡಿದಿರಿ. ಮೂರನೆಯವರು ಬಂದಾಗ ಆಕೆ ತುಟಿಪಿಟಕ್ಕೆನ್ನದೆ ಫೋಟೋದ ಎದುರು ಕೂತು, ಆಗಾಗ ಕನ್ನಡಕ ತೆಗೆದು ಒರೆಸಿಕೊಂಡಳು, ಅಷ್ಟೆ. ಅವರು ಕಂಬನಿ ಮಿಡಿದು, ಐವರೂ ಒಂದೇ ಸಲಕ್ಕೆ ಹೋದರಾ ಎಂದು ತಮ್ಮ ಕಿವಿಯಲ್ಲಿ ಕೇಳಿ, ಹೂವಿನಂಥ ಮೆಲುದನಿಯಲ್ಲಿ ಬೇಡವೆಂದರು. ಹೀಗೆ ತಿಂಗಳು ಮುಕ್ಕಾಲು ಕಳೆಯಿತು. ಅಮ್ಮ ಕತ್ತಲಲ್ಲಿ ಬಂದು ಚಪ್ಪಲಿ ಬಿಡುತ್ತ, 'ಇವತ್ತು ಯಾರಾದ್ರೂ ಒಪ್ಪಿದ್ರಾ?' ಎಂದು ಕೇಳುವುದನ್ನೂ ನಿಲ್ಲಿಸಿದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ಬುಧವಾರ ಮಧ್ಯಾಹ್ನ ತಾವು ಬೇಕರಿಯವರನ್ನೂ ಅವರ ಹೆಂಡತಿ ಡ್ರಾಯಿಂಗ್ ಟೀಚರನ್ನೂ ಕರೆತಂದಿರಿ. ನಾನು ಮನೆಯಿಂದ ಹೊರಗಿರಬೇಕಿತ್ತು, ನಿಜ. ಆದರೆ ಪರೀಕ್ಷೆ ಹತ್ತಿರವಿದ್ದುದರಿಂದ ತಾವೇ ಕರುಣಿಸಿದ ಪ್ರತ್ಯೇಕ ಓದುವ ಕೋಣೆಯಲ್ಲಿ, ಬಕೆಟ್ಟಿನ ಮೇಲೆ ಕೂತು, ಪೊರಕೆಯ ಜೊತೆ ಓದುತ್ತಿದ್ದೆ. ಅದಕ್ಕೇ ಎಲ್ಲವನ್ನೂ ಕೇಳಿಸಿಕೊಳ್ಳುವಂತಾಯಿತು. ಅಂದು ಹಳಿಯ ಮೇಲಿನ ತಂತಿ ಕಡಿದುಬಿದ್ದು ರೈಲುಗಳೆಲ್ಲ ಅರ್ಧ ದಾರಿಯಲ್ಲೇ ನಿಂತಿದ್ದವು. ಅಮ್ಮ ಯಾವುದೋ ವ್ಯಾನು ಹತ್ತಿ, ಆಮೇಲೆ ನಡೆದು, ಬೆವರೊರೆಸಿಕೊಳ್ಳುತ್ತ ಗೇಟು ತೆಗೆದಳು. ತಾವು ಇಷ್ಟು ದಿನ ಅಪ್ಪನ ಜೊತೆ ಮಾತ್ರ ವ್ಯವಹರಿಸಿದವರು; ಅಮ್ಮನನ್ನು ಕಂಡವರಲ್ಲ, ಹಗಲಲ್ಲಿ ಆಕೆ ಯಾರಿಗೂ ಕಾಣಸಿಗುವವಳಲ್ಲ. ಓಡೋಡಿ ಬಂದು ಬಾಗಿಲಲ್ಲೇ, 'ಬನ್ನಿ ಮೇಡಂ, ಸರಿಯಾದ ಹೊತ್ತಿಗೆ ಬಂದ್ರಿ, ಈಗ ತಾನೆ ತೋರಿಸ್ತಾ ಇದ್ದೆ' ಎಂದು ಆಕೆಯ ಮನೆಗೆ ಆಕೆಯನ್ನು ಸ್ವಾಗತಿಸಿದಿರಿ. ಅಮ್ಮ ಅಜ್ಜಿಯ ಕಡೆ ನೋಡಿದಳು. ಮನೆಯವರ ವಿಷಯ ಎತ್ತುವುದಿಲ್ಲವೆಂದು ಮಾತು ಕೊಟ್ಟಿದ್ದ ಅಜ್ಜಿ, 'ಬಾಮ್ಮ, ಮನೆ ನೋಡೋಕೆ ಬಂದ್ಯಾ? ನೋಡು, ನೋಡು' ಎಂದಳು. ಅಮ್ಮನಿಗೆ ವಾದಿಸುವಷ್ಟು ಶಕ್ತಿ ಇರಲಿಲ್ಲ. ತಮ್ಮ ಹಿಂದೆ ಹೊರಟಳು.

ತಾವು ವರ್ಣಿಸುತ್ತ ಹೋದಿರಿ, ಆಕೆ ಮೆಲ್ಲಗೆ ಕೇಳುತ್ತ ಹೋದಳು. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಮೇಲಿನ ಬಚ್ಚಲಿಗೆ ನೀರು ಬರುವುದು ನಿಲ್ಲುತ್ತದಲ್ಲವೇ, ಹಿಂದಿನ ಕೋಣೆಯ ಕಿಟಕಿಗೆ ರಟ್ಟು ಸಿಕ್ಕಿಸದಿದ್ದರೆ ಗಾಳಿಗೆ ಬಡಿದುಕೊಳ್ಳುತ್ತದಲ್ಲವೇ, ನಿಲ್ದಾಣಕ್ಕೆ ಹಾಯಾಗಿ ನಡೆದವರ ರೈಲು ತಪ್ಪುತ್ತದಲ್ಲವೇ ಎಂದು. ಬೇಕರಿಯವರು ಪ್ರತಿಯೊಂದನ್ನೂ ತಿರುಗಿಸಿ, ಬಡಿದು ನೋಡಿದರು; ಎಲ್ಲವೂ ಆಕೆ ಹೇಳಿದಂತೆಯೇ ಇತ್ತು. ತಮ್ಮ ನಗು ಅಲುಗಾಡಿತಾದರೂ ಬೀಳಲಿಲ್ಲ. 'ನೀವು ಬಹಳ ಮನೆ ನೋಡಿದ್ದೀರಿ ಅನ್ಸುತ್ತೆ ಮೇಡಂ' ಎಂದಿರಿ. ಫೋಟೋಗಳ ಎದುರು ಆಕೆ ನಿಂತು ಇವರು ಯಾರೆಂದು ಕೇಳಿದಾಗ, ಮಾಲೀಕರು, ಇಲ್ಲಿ ತುಂಬಾ ಸುಖವಾಗಿದ್ದರು ಎಂದಿರಿ. ಅಮ್ಮ ಬಹಳ ಹೊತ್ತು ಆ ಮಾಲೀಕರನ್ನು ನೋಡಿದಳು.

'ಇವರು ಮನೇಲಿ ಇರ್ತಿದ್ರಾ?' ಎಂದಳು.

ತಾವು ಆಕೆಯನ್ನು ಬೇಗಬೇಗ ಮೆಟ್ಟಿಲ ಕಡೆ ತಿರುಗಿಸಿದಿರಿ. ಆಮೇಲೆ ಮಹಡಿಯ ಮುಂದಿನ ಕೋಣೆ. ಕಿಟಕಿಯಿಂದ ಬಿಸಿಲು ನೆಲವನ್ನೆಲ್ಲ ತುಂಬಿ ಗೋಡೆ ಹತ್ತುತ್ತಿತ್ತಂತೆ. ಅಮ್ಮ ಅದರ ನಡುವೆ ನಿಂತುಬಿಟ್ಟಳಂತೆ. ಇಷ್ಟೆಲ್ಲ ದೋಷ ಗೊತ್ತಿದ್ದೂ ನೀವೇಕೆ ನೋಡಲು ಬಂದಿರಿ ಎಂದು ಡ್ರಾಯಿಂಗ್ ಟೀಚರ್ ಕೇಳಿದರು. 'ಈ ಕೋಣೆಗೆ ಮಧ್ಯಾಹ್ನ ಇಷ್ಟು ಬಿಸಿಲು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ' ಎಂದಳು ಅಮ್ಮ. ಮನೆಯಲ್ಲೇ ಮಕ್ಕಳಿಗೆ ಚಿತ್ರ ಹೇಳಿಕೊಡುವ ಆ ಟೀಚರ್ ಕೋಣೆಯನ್ನು ಒಂದು ಸಲ, ಅಮ್ಮನನ್ನು ಒಂದು ಸಲ ನೋಡಿ, ಗಂಡನ ತೋಳು ಹಿಡಿದು ಕೆಳಗೆ ಎಳೆದುಕೊಂಡು ಬಂದರು. ಈ ಊರಲ್ಲೇ ಅಂಗಡಿ ಇಟ್ಟುಕೊಂಡವರಿಗೆ ರೈಲಿನ ಗೊಡವೆ ಏಕೆ? ನಲ್ಲಿ, ಕಿಟಕಿ ರಿಪೇರಿ ಮಾಡಿಸಿದರಾಯಿತು ಎಂದರು ಟೀಚರ್. ಆ ಮೇಡಂ ತೆಗೆದುಕೊಳ್ಳುವ ಹಾಗಿದ್ದಾರಾ ಎಂದು ಬೇಕರಿಯವರು ಪಿಸುಗುಟ್ಟಿದರೆ, ತಾವು ನನ್ನ ಓದುವ ಕೋಣೆಗೆ ಒರಗಿ ನಿಂತು, 'ಅವರು ಪ್ರಾಣ ಬಿಡ್ತಿದ್ದಾರೆ ಸಾರ್ ಈ ಮನೆಗೆ' ಎಂದಿರಿ. ಒಳಗೆ ಪೊರಕೆ ಬಾಯಿಗೆ ಒತ್ತಿ ಹಿಡಿದುಕೊಳ್ಳುವುದೊಂದೇ ನನಗೆ ಉಳಿದ ದಾರಿಯಾಗಿತ್ತು.

ಅವರು ಅಲ್ಲೇ ಒಪ್ಪಿದರು. ತಾವು ಯಾರಿಗೋ ಫೋನು ಮಾಡಲು ಕಾರಿನ ಬಳಿ ಹೋದಾಗ ಟೀಚರ್ ಅಮ್ಮನ ಕೈಹಿಡಿದು, ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಇಂಥದೇ ಮನೆ ಸಿಗುತ್ತದೆ ಎಂದು ಸಂತೈಸಿದರು. ಅಮ್ಮ ತಡೆಯಲಾರದೆ, 'ಇದು ನಂದೇ ಮನೆ ಕಣ್ರೀ' ಎಂದಳು. ಆಮೇಲೆ ಬೇಕರಿಯವರು ಗೋಡೆ ಹಿಡಿದುಕೊಂಡು ನಕ್ಕದ್ದು ತಮ್ಮ ಕಾರಿನವರೆಗೂ ಕೇಳಿಸಿರಬೇಕು. ಮಾತು ಹಿಂದೆ ತೆಗೆದುಕೊಳ್ಳುವುದಾದರೆ ಈಗಲೇ ತೆಗೆದುಕೊಳ್ಳಿ ಎಂದು ಅಮ್ಮ ಹೇಳಿದಳು. ಮಾರುವವಳೇ ದೋಷ ತೋರಿಸಿದ ಮನೆ ಇದೊಂದೇ, ಇದು ಸಾಕು ಎಂದರು ಅವರು. ತಾವು ಮರಳಿ ಬಂದು, ಬೇರೆ ಮನೆ ತೋರಿಸುತ್ತೇನೆಂದು ಅಮ್ಮನ ನಂಬರು ಬರೆದುಕೊಂಡಾಗಲೂ ಯಾರೂ ಗುಟ್ಟು ಬಿಡಲಿಲ್ಲ.

ಆ ಸಂಜೆ ಅಜ್ಜಿಗೆ ಬೇರೆ ದಿಗಿಲು. ಅಮ್ಮ ಮಹಡಿಯ ಕೋಣೆಯ ನೆಲದ ಮೇಲೆ ಟೀ ಲೋಟ ಹಿಡಿದು ಕೂತವಳು ಬಿಸಿಲು ಪೂರ್ತಿ ಹೋಗುವವರೆಗೂ ಏಳಲಿಲ್ಲ. ಮಾರೋದು ಬೇಡ ಅನ್ನಿಸ್ತಿದೆಯೇನೇ ಎಂದು ಮೆಟ್ಟಿಲ ಬುಡದಿಂದಲೇ ಅಜ್ಜಿ ಕೂಗಿ ಕೇಳಿದಳು. ಅಮ್ಮ ಇಳಿದು ಬಂದು ಲೋಟ ತೊಳೆಯುತ್ತ ಹೇಳಿದಳು: 'ಬಿಸಿಲು ಆ ಮನೆಗೂ ಬರುತ್ತೆ ಅತ್ತೆ. ನೋಡೋಕೆ ನಾನು ಇರಬೇಕು, ಅಷ್ಟೆ.'

ಆದ್ದರಿಂದ ಮಾನ್ಯರೇ, ನನ್ನ ಮನವಿಗಳು ಸಣ್ಣವು. ನಮ್ಮ ಹಜಾರವನ್ನು ಮದುವೆ ಮಂಟಪದಷ್ಟು ಹಿಗ್ಗಿಸಿದ ಆ ಕ್ಯಾಮೆರಾವನ್ನು ಒಂದು ದಿನದ ಮಟ್ಟಿಗೆ ಕೊಡಿ, ಅಮ್ಮನ ಭಾನುವಾರದ ಮೇಲೆ ಹಿಡಿದು ನೋಡುತ್ತೇನೆ. ಜಾಹೀರಾತಿನಲ್ಲಿ ಹೇಳಿದಂತೆ ನಿಲ್ದಾಣವನ್ನು ಹತ್ತಿರಕ್ಕೆ ತರಿಸಿ. ನಾವು ಹೋದರೂ ಈ ಬೀದಿಯವರು ಇನ್ನೂ ಓಡುತ್ತಿರುತ್ತಾರೆ. ತಾತನನ್ನು ಹಿಂತಿರುಗಿಸಿ, ಇನ್ನು ಮುಂದೆ ಯಾರನ್ನು ಬೇಕಾದರೂ ಗದರಿಸಲಿ. ಅಂದಿನ ಗಡಿಬಿಡಿಯಲ್ಲಿ ತಾವು ಗೋಡೆಯಲ್ಲೇ ಮರೆತುಹೋದ ಆ ಹಲ್ಲಿನ ಡಾಕ್ಟರ ಸಂಸಾರವನ್ನು ಮಾತ್ರ ಅಜ್ಜಿ ಕೊಡುವುದಿಲ್ಲವಂತೆ. ಗಂಡ ವಾಪಸು ಬಂದಿದ್ದಾನೆ, ಈಗಷ್ಟೇ ಎಲ್ಲ ಸರಿಹೋಗುತ್ತಿದೆ, ಮತ್ತೆ ಡಿಕ್ಕಿಯಲ್ಲಿ ಹಾಕಿ ಮನಸ್ಸು ಕೆಡಿಸಬೇಡಿ ಎನ್ನುತ್ತಾಳೆ.

ತಮ್ಮ ಹೆಸರು ಇನ್ನೂ ಅನೇಕ ಗೇಟುಗಳ ಮೇಲೆ ಬೆಳಗಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಪ್ರತ್ಯೇಕ ಓದುವ ಕೋಣೆಯ ನಿವಾಸಿ

ಮರೆತ ಮಾತು: ಅಂದಿನಿಂದ ತಾವು ಅಮ್ಮನಿಗೆ ಬಿಡದೆ ಫೋನು ಮಾಡಿ, ಆ ಮನೆ ಕೈತಪ್ಪಿತೆಂದು ಕೊರಗಬೇಡಿ, ಅದಕ್ಕಿಂತ ಒಳ್ಳೆಯದನ್ನು ತೋರಿಸುತ್ತೇನೆ ಎಂದು ಧೈರ್ಯ ತುಂಬುತ್ತಿರುವುದಕ್ಕೆ ಕೃತಜ್ಞತೆಗಳು. ನಾಳೆ ಬೆಳಿಗ್ಗೆ ಮಾರಾಟದ ಪತ್ರಕ್ಕೆ ಸಹಿ ಹಾಕಲು ಮಾಲೀಕರು ತಮ್ಮ ಕಚೇರಿಗೆ ಬರುತ್ತಿದ್ದಾರೆ. ಬಾಗಿಲಲ್ಲೇ ತಡೆದು ಮತ್ತೊಂದು ಮನೆ ತೋರಿಸಲು ಕರೆದೊಯ್ಯದಿದ್ದರೆ ಉಪಕಾರವಾಗುತ್ತದೆ. ಅವರಿಗೆ ಸಂಜೆಯೊಳಗೆ ಮನೆಗೆ ಹೋಗಬೇಕಾಗಿದೆ.