ಎಂಟನೆಯ ತೂತು

"ವಿಮಾನ ಕೊಂಡು ಹಾರಿಸೋರು ಬೇಕಾದಷ್ಟು ಜನ ಇದ್ದಾರೆ. ಕಟ್ಟಿ ಹಾರಿಸೋನೇ ಗಂಡಸು!"

ಊಟದ ಮೇಜಿನ ಮೇಲೆ ಮುಷ್ಟಿ ಗುದ್ದಿ ಹೀಗೆ ಘೋಷಿಸಿದವನು ಸಾಕ್ಷಾತ್ ನಾನೇ. ಲೋಟದ ನೀರು ಚೆಲ್ಲಿತು. ನನ್ನಾಕೆ ಒರೆಸುವ ಬಟ್ಟೆ ತಂದು ನನ್ನ ಕೈಗೇ ಕೊಟ್ಟಳು.

ಹೀಗೆ ಎರಡು ವರ್ಷದ ಹಿಂದೆ ನಮ್ಮ ಕಾರ್ ಶೆಡ್ಡಿಗೆ ಒಂದು ವಿಮಾನ ಕಂಪನಿಯಿಂದ ಬಿಡಿಬಿಡಿಯಾಗಿ, ಹನ್ನೊಂದು ಪೆಟ್ಟಿಗೆಗಳಲ್ಲಿ ಬಂದಿಳಿಯಿತು. ಅಂದಿನಿಂದ ಕಾರು ಬೀದಿಪಾಲು, ನಾನು ಶೆಡ್ಡುಪಾಲು. ಅಕ್ಕಪಕ್ಕ ಇಬ್ಬರು ಕೂರುವ ಪುಟ್ಟ ವಿಮಾನ. ಹಾರಿಸುವ ಲೈಸೆನ್ಸು ನನ್ನ ಜೇಬಿನಲ್ಲಿತ್ತು. ಪಕ್ಕದ ಸೀಟು ನನ್ನಾಕೆಗೆ ಎಂದು ಮೊದಲ ದಿನವೇ ತೀರ್ಮಾನಿಸಿದ್ದೆ. ಆಕೆ ಕೂರದಿದ್ದರೆ ಇಷ್ಟೆಲ್ಲ ರಿವೆಟ್ ಮೊಳೆ ಹೊಡೆದು ಏನು ಸುಖ? ನಾನೊಬ್ಬನೇ ಹೋಗಿ ಮೋಡ ನೋಡಿಕೊಂಡು ಬರಬೇಕೇ? ಅವಳೂ ಒಪ್ಪಿದ್ದಳು, ಆದರೆ ಷರತ್ತಿನ ಮೇಲೆ.

"ಕೆಲಸ ನೋಡಿ ಧೈರ್ಯ ಬಂದ್ರೆ ಕೂರ್ತೀನಿ. ಬರ್ಲಿಲ್ಲಾಂದ್ರೆ ಕೆಳಗಿಂದ ಟಾಟಾ ಮಾಡ್ತೀನಿ."

ಆಕೆ ವೃತ್ತಿಯಲ್ಲಿ ಟೈಲರ್. ಇಪ್ಪತ್ತು ವರ್ಷದಿಂದ ಊರವರ ಕೋಟು ಪ್ಯಾಂಟು ಹೊಲಿಯುತ್ತಿರುವ ಕಣ್ಣು ಅದು. ನೂಲೆಳೆಯಷ್ಟು ಓರೆಯಾದರೂ ಬಿಡುವುದಿಲ್ಲ.

ಬಾಲದ ಒಳಗೆ ಗೇಣುದ್ದದ ಒಂದು ಅಲ್ಯೂಮಿನಿಯಂ ಆ್ಯಂಗಲ್, ಅಂದರೆ ಉದ್ದಕ್ಕೆ ಮಡಚಿದ L ಆಕಾರದ ಪಟ್ಟಿ, ಬರುತ್ತದೆ. ಅದನ್ನು ನಾವೇ ಕತ್ತರಿಸಿ, ಎಂಟು ತೂತು ಕೊರೆದು, ರಿವೆಟ್ ಹಾಕಬೇಕು. ಇಲ್ಲೊಂದು ಕಾನೂನಿದೆ. ರಿವೆಟ್ ಎಷ್ಟು ದಪ್ಪವೋ ಅದರ ಎರಡರಷ್ಟು ಜಾಗ ತೂತಿನ ನಡುವಿನಿಂದ ತಗಡಿನ ಅಂಚಿನವರೆಗೆ ಇರಲೇಬೇಕು. ನನ್ನ ರಿವೆಟ್ ಮೂರು ಮಿಲಿಮೀಟರ್. ಅಂದರೆ ಆರು ಮಿಲಿಮೀಟರ್ ಜಾಗ. ಏಳು ತೂತು ಮುತ್ತು ಪೋಣಿಸಿದಂತೆ ಬಂದವು. ಎಂಟನೆಯದಕ್ಕೆ ಡ್ರಿಲ್ ಕೊಂಚ ಜಾರಿತು. ಅಳೆದೆ. ಐದು!

ಬೆರಳಡ್ಡ ಇಟ್ಟು ನಿಂತಿದ್ದಾಗಲೇ ನನ್ನಾಕೆ ಕಾಫಿ ಹಿಡಿದು ಬಂದಳು.

"ಬೆರಳು ತೆಗೀರಿ."

"ಯಾಕೆ?"

"ತೆಗೀರಿ ಅಂದೆ." ಬಗ್ಗಿ ನೋಡಿದಳು. "ಇದೊಂದು ಅಂಚಿಗೆ ಬಂದ್ಬಿಟ್ಟಿದೆ. ಅಂಚಿಗೆ ಇಷ್ಟು ಹತ್ರ ಹೊಲಿಗೆ ಹಾಕಿದ್ರೆ ಎಳೆದ ತಕ್ಷಣ ಕಿತ್ಕೊಂಡು ಬರತ್ತೆ."

"ಇದು ದಿಂಬಿನ ಕವರ್ ಅಲ್ಲ ಕಣೇ, ಅಲ್ಯೂಮಿನಿಯಂ!"

"ಹಾಗಾದ್ರೆ ಕಂಪನಿಯವರಿಗೆ ಫೋನ್ ಮಾಡಿ ಕೇಳಿ."

ಕೇಳುವುದೇ? ನಾನೇ? ಮೀಸೆ ಇಲ್ಲದಿದ್ದರೂ ತಿರುವಿದೆ. "ಪ್ರಯೋಗ ಮಾಡಿ ತೋರಿಸ್ತೀನಿ, ನೋಡ್ತಿರು!"

ನಿಜ ಹೇಳಬೇಕೆಂದರೆ ನನಗೂ ಕುತೂಹಲ ಹುಟ್ಟಿಬಿಟ್ಟಿತ್ತು. ಎರಡರಷ್ಟೇ ಯಾಕೆ? ಒಂದರಷ್ಟಿದ್ದರೆ ಏನಾಗುತ್ತದೆ? ಒಳ್ಳೆ ಪ್ರಶ್ನೆ! ಕಾಗದದಂಥ ತೆಳು ತಗಡಿನ ಚೂರುಗಳನ್ನು ಹುಡುಕಿದೆ. ಎರಡೆರಡನ್ನು ಒಂದೇ ರಿವೆಟ್ಟಿನಿಂದ ಜೋಡಿಸಿ ಮೂರು ಜೊತೆ ಮಾಡಿದೆ. ಮೊದಲನೆಯದರಲ್ಲಿ ಅಂಚಿಗೆ ಮೂರು ಮಿಲಿಮೀಟರ್, ಎರಡನೆಯದರಲ್ಲಿ ಐದು, ಮೂರನೆಯದರಲ್ಲಿ ಆರು. ಶೆಡ್ಡಿನ ತೊಲೆಗೆ ಮೂರರದ್ದನ್ನು ಕಟ್ಟಿ, ಕೆಳಗೆ ಹಗ್ಗ, ಹಗ್ಗಕ್ಕೊಂದು ಹಲಗೆ.

"ಇದಕ್ಕೇನು ಭಾರ ಹಾಕ್ತೀರಿ?"

"ನಾನೇ ಇದ್ದೀನಲ್ಲ, ಎಪ್ಪತ್ತೆಂಟು ಕೆ.ಜಿ.!"

ಕುಳಿತೆ. ಕಾಲು ಮೇಲೆತ್ತಿದೆ. ತಗಡು ನನ್ನನ್ನು ಹಿಡಿದುಕೊಂಡಿತು. "ನೋಡಿದ್ಯಾ, ಬರೀ ಮೂರಕ್ಕೇ..." ಎನ್ನುವಷ್ಟರಲ್ಲಿ ಪರ್ರ್! ಹಲಗೆ ಸಮೇತ ನೆಲಕ್ಕೆ ಬಿದ್ದೆ. ಸೊಂಟ ಉಳುಕಿತು. ನನ್ನಾಕೆ ಮೊದಲು ಓಡಿಬಂದು ನೋಡಿದ್ದು ತಗಡನ್ನು!

"ಅಯ್ಯೋ ರೀ, ನೋಡಿ ಇಲ್ಲಿ! ರಿವೆಟ್ಟಿಗೆ ಏನೂ ಆಗಿಲ್ಲ. ತಗಡೇ ಅಂಚಿನ ತನಕ ಸೀಳ್ಕೊಂಡಿದೆ. ಥೇಟ್ ನನ್ನ ಬಟ್ಟೆ ಥರಾನೇ!"

ನಾನು ನರಳುತ್ತ ತೆವಳಿಕೊಂಡು ಹೋಗಿ ನೋಡಿದೆ. ಹೌದಲ್ಲ! ಇಬ್ಬರೂ ನೆಲದ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಹರಿದ ತಗಡನ್ನು ನೋಡುತ್ತ ಕುಳಿತೆವು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನಾವಿಬ್ಬರೂ ಒಂದೇ ವಸ್ತುವನ್ನು ಇಷ್ಟು ಆಸೆಯಿಂದ ನೋಡಿದ್ದು ಅದೇ ಮೊದಲು. ಆಮೇಲೆ ಆರರದ್ದಕ್ಕೆ ಅವಳೇ ಕುಳಿತು ಜೋಕಾಲಿಯಾಡಿದಳು. ತಗಡು ಜಪ್ಪಯ್ಯ ಅನ್ನಲಿಲ್ಲ.

"ಈಗ ಐದರದ್ದಕ್ಕೆ ನೀವು ಕೂತ್ಕೊಳ್ಳಿ. ನಮ್ಮ ತೂತು ಐದು ತಾನೇ?"

"ಏನೂ ಬೇಡ! ನನ್ನ ಸೊಂಟಕ್ಕೆ ಅರ್ಥ ಆಗಿದೆ!"

ಇಲ್ಲೇ ನಾನು ಕೆಟ್ಟದ್ದು. ಶನಿವಾರ ವಿಮಾನ ತಪಾಸಣೆಯವರು ಬರುವವರಿದ್ದರು. ನನ್ನಾಕೆಯ ಧೈರ್ಯ ಎಂಟನೆಯ ತೂತಿನಲ್ಲಿ ನೇತಾಡುತ್ತಿತ್ತು. ಅವಳು ಅಂಗಡಿಗೆ ಹೋದದ್ದೇ ತಡ, ಸದ್ದಿಲ್ಲದೆ ರಿಪೇರಿಗೆ ಇಳಿದೆ.

ದಪ್ಪ ರಿವೆಟ್ ಹಾಕಿದರೆ ಬಲ ಜಾಸ್ತಿ ಎಂದುಕೊಂಡು ತೂತನ್ನು ನಾಲ್ಕಕ್ಕೆ ಹಿಗ್ಗಿಸಿದೆ. ಹಿಗ್ಗಿಸಿದ ಮೇಲೆ ಬುದ್ಧಿ ಬಂತು: ನಾಲ್ಕರ ರಿವೆಟ್ಟಿಗೆ ಎಂಟು ಜಾಗ ಬೇಕು! ಒಂದು ಮಿಲಿಮೀಟರ್ ಇದ್ದ ಕೊರತೆ ಮೂರಾಯಿತು. ಅಂಚಾದರೂ ಚೆಂದ ಕಾಣಲಿ ಎಂದು ಅರ ಹಾಕಿ ಉಜ್ಜಿದೆ. ಉಜ್ಜಿದಷ್ಟೂ ಅಂಚು ತೂತಿನ ಹತ್ತಿರ ಬಂತು! ಇರಲಿ, ಮೇಲೊಂದು ತೇಪೆ ಹಾಕೋಣ. ತೇಪೆಗೆ ನಾಲ್ಕು ತೂತು ಕೊರೆದೆ. ಅವುಗಳಲ್ಲಿ ಎರಡು ತೇಪೆಯ ಅಂಚಿಗೆ ಹತ್ತಿರವಾದವು. ತೇಪೆಯನ್ನೇ ದೊಡ್ಡದು ಮಾಡಿ ಜಡಿದೆ. ಬೀಗುತ್ತ ಬಾಲದ ಹಿಂಭಾಗವನ್ನು ಜೋಡಿಸಿ ಆಡಿಸಿದೆ. ವಿಮಾನದ ಮೂತಿಯನ್ನು ಏರಿಸಿ ಇಳಿಸಲು ಮೇಲೆ ಕೆಳಗೆ ಆಡಬೇಕಾದ ಅದು ತೇಪೆಗೆ ತಾಗಿ ಅರ್ಧಕ್ಕೇ ಟಕ್ಕೆಂದು ನಿಂತುಬಿಟ್ಟಿತು. ಒಂದು ಮಿಲಿಮೀಟರ್ ಉಳಿಸಲು ಹೋಗಿ ವಿಮಾನವನ್ನೇ ಮೇಲೇಳದಂತೆ ಮಾಡಿದ ಮಹಾಪುರುಷ ನಾನು!

ಸಂಜೆ ನನ್ನಾಕೆ ಬಂದು ನೋಡಿದಳು. ನಂಬರ್ ಒತ್ತಿ ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆ ಕಂಪನಿಯ ಎಂಜಿನಿಯರ್. ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿಸಿಕೊಂಡು ಕೇಳಿದರು, "ಸರ್, ಮೊಟ್ಟಮೊದಲು ಆ ತೂತು ಅಂಚಿಂದ ಎಷ್ಟಿತ್ತು?"

"ಐದು."

"ಆ ಜಾಗದಲ್ಲಿ ಅಂಥಾ ಭಾರ ಬರಲ್ಲ ಸರ್. ಎಂಟರಲ್ಲಿ ಒಂದು ಐದಿದ್ರೆ ನಡೀತಿತ್ತು. ಹಾಗೇ ಬಿಟ್ಟಿದ್ರೆ ಸಾಕಿತ್ತು."

"ಈಗ?"

"ಈಗ ಎಲ್ಲಾ ಕಿತ್ತು ಹೊಸದಾಗಿ ಮಾಡಿ. ಆಮೇಲೆ, ಸರ್... ರಿಪೇರಿ ಮಾಡೋಕೆ ಮುಂಚೆ ದಯವಿಟ್ಟು ಫೋನ್ ಮಾಡಿ."

ಸ್ಪೀಕರ್ ಆನ್ ಆಗಿತ್ತು. ನನ್ನಾಕೆ ಒಳಗೆ ಹೋಗಿ ಬಟ್ಟೆಗೆ ಗುರುತು ಹಾಕುವ ತನ್ನ ಪೆನ್ಸಿಲ್ಲು ಮತ್ತು ಸ್ಕೇಲು ತಂದಳು. ಹೊಸ ಪಟ್ಟಿಯ ಮೇಲೆ ಮೊದಲು ಅಂಚಿನ ಗೆರೆ ಎಳೆದಳು, ಆಮೇಲೆ ತೂತಿನ ಗುರುತು ಹಾಕಿದಳು, ಕಟ್ಟಕಡೆಗೆ ಕತ್ತರಿಸಿದಳು. ನಾನು ಮೊದಲು ಕತ್ತರಿಸಿ ಆಮೇಲೆ ಯೋಚಿಸುವವನು. ಈ ಸಲ ಅವಳ ಗುರುತಿನ ಮೇಲೇ ಕೊರೆದೆ. ಎಂಟು ತೂತೂ ಅಂಚಿನಿಂದ ಆರೂವರೆ!

ಶನಿವಾರ ತಪಾಸಣೆಯವರು ಬಂದರು. ಟಾರ್ಚು ಬಿಟ್ಟು, ಕನ್ನಡಿ ಹಿಡಿದು, ಬಾಲದೊಳಗೆಲ್ಲ ಇಣುಕಿದರು. ಆ್ಯಂಗಲ್ ಬಳಿ ತಡೆದು ನಿಂತರು. "ಇದು ಅಚ್ಚುಕಟ್ಟಾಗಿದೆ. ಉಳಿದಿದ್ದೂ ಪರವಾಗಿಲ್ಲ," ಎಂದು ಸಹಿ ಹಾಕಿದರು. ಆ 'ಪರವಾಗಿಲ್ಲ' ನನ್ನ ಪಾಲು.

ಅವರ ಕಾರು ತಿರುವು ದಾಟಿದ ಮೇಲೆ ನನ್ನಾಕೆಯನ್ನು ಕೇಳಿದೆ. "ಏನಂತೀಯ? ಕೂರ್ತೀಯಾ?"

"ಕೂರ್ತೀನಿ."

ನನಗೆ ಕಣ್ಣೇ ತುಂಬಿಬಂತು. "ಅಂದ್ರೆ ನನ್ನ ಕೆಲಸ ನೋಡಿ ಧೈರ್ಯ ಬಂತು ಅನ್ನು!"

"ಧೈರ್ಯ ಎಲ್ಲಿಂದ ಬರ್ಬೇಕು ರೀ? ಮೇಲೆ ಹೋದ್ಮೇಲೆ ಎಲ್ಲಾದ್ರೂ ಲೊಟಕ್ ಅಂತ ಸದ್ದು ಬಂದ್ರೆ ನೀವು ಅಲ್ಲೇ ರಿಪೇರಿಗೆ ಇಳೀತೀರಿ. ಕೈ ಹಿಡ್ಕೊಳ್ಳೋಕೆ ಪಕ್ಕದಲ್ಲಿ ಒಬ್ರು ಬೇಡ್ವಾ!"